ಬೆರಳು ತಾನೇ ಎನ್ನುವ ಮೊದಲು

ಹೋಟೆಲ್ ನಡೆಯುವುದು ಬಂಡವಾಳದಿಂದ, ಒಳ್ಳೆಯ ಜಾಗದಿಂದ, ಲೈಸೆನ್ಸ್‌ನಿಂದ ಎಂದು ನಾವು ಸಭೆಗಳಲ್ಲಿ ಮಾತನಾಡುತ್ತೇವೆ. ಬೆಳಿಗ್ಗೆ ಐದಕ್ಕೆ ಅಡುಗೆಮನೆಯ ದೀಪ ಹತ್ತಿದ ಮೇಲೆ ಮಾತ್ರ ಅದು ನಡೆಯುವುದು ಬೆರಳುಗಳಿಂದ. ಹಿಟ್ಟಿನ ಹದ ನೋಡುವುದು ಬೆರಳು. ವಡೆಗೆ ತೂತು ಮಾಡುವುದು ಬೆರಳು. ಸಟ್ಟುಗ ಹಿಡಿಯುವುದು, ಒಂದೇ ಕೈಯಲ್ಲಿ ನಾಲ್ಕು ಲೋಟ ಎತ್ತುವುದು, ಗಲ್ಲಾದಲ್ಲಿ ನೋಟು ಎಣಿಸುವುದು ಎಲ್ಲವೂ ಬೆರಳೇ. ಆದರೂ ಅದೇ ಬೆರಳಿಗೆ ಪೆಟ್ಟು ಬಿದ್ದಾಗ ನಮ್ಮ ಅಡುಗೆಮನೆಗಳಲ್ಲಿ ಮೊದಲು ಕೇಳುವ ಮಾತು, "ಬೆರಳು ತಾನೇ, ಎಳೆದರೆ ಸರಿಹೋಗುತ್ತದೆ" ಎಂಬುದು.

ಪೆಟ್ಟಿಗೆ ಕಾರಣ ಹುಡುಕಿಕೊಂಡು ಹೋಗಬೇಕಾಗಿಲ್ಲ. ಒದ್ದೆ ನೆಲದಲ್ಲಿ ಜಾರಿ ಕೈಯೂರಿ ಬೀಳುವುದು, ಗ್ಯಾಸ್ ಸಿಲಿಂಡರ್ ಉರುಳಿಸುವಾಗ ಗೋಡೆಗೂ ಸಿಲಿಂಡರಿಗೂ ನಡುವೆ ಬೆರಳು ಸಿಕ್ಕಿಕೊಳ್ಳುವುದು, ಸಾಂಬಾರಿನ ಕೊಳಗದ ಕಿವಿ ಜಾರುವುದು, ಕೋಲ್ಡ್ ರೂಮಿನ ಬಾಗಿಲು, ರಾತ್ರಿ ಎಳೆಯುವ ಶಟರ್, ಗ್ರೈಂಡರಿನ ಕಲ್ಲು, ಹಿಟ್ಟು ನಾದುವ ಯಂತ್ರ. ಇವೆಲ್ಲ ಸಾಲದೆಂಬಂತೆ ಬಿಡುವಿನ ದಿನದ ಕ್ರಿಕೆಟ್ ಬೇರೆ.

ಈ ಲೇಖನದಲ್ಲಿ ಬೆರಳಿನ ಕೀಲು ತಪ್ಪಿದಾಗ, ಗೆಣ್ಣಿನ ಮೂಳೆ ಮುರಿದಾಗ ಏನೇನು ಚಿಕಿತ್ಸೆಗಳಿವೆ ಎಂಬುದನ್ನು ಸದಸ್ಯ ಬಂಧುಗಳ ಮುಂದಿಡುತ್ತಿದ್ದೇವೆ. ವೈದ್ಯರ ಕೆಲಸವನ್ನು ನಾವು ಮಾಡಬೇಕೆಂದು ಇದರ ಅರ್ಥವಲ್ಲ. ಪೆಟ್ಟು ಬಿದ್ದ ಹುಡುಗನನ್ನು ಯಾವಾಗ ಆಸ್ಪತ್ರೆಗೆ ಕಳುಹಿಸಬೇಕು, ಎಷ್ಟು ದಿನ ರಜೆ ಕೊಡಬೇಕು, ಯಾವ ಕೆಲಸಕ್ಕೆ ಹಚ್ಚಬೇಕು ಎಂದು ತೀರ್ಮಾನಿಸುವವರು ನಾವೇ. ಬೆರಳಿನ ಮೂಳೆ ಸಾಮಾನ್ಯವಾಗಿ ಬೇಗನೆ ಕೂಡುತ್ತದೆ. ಉಳಿದುಬಿಡುವುದು ಗೆಣ್ಣಿನ ಬಿಗಿತ. ಆ ಬಿಗಿತಕ್ಕೆ ಬಹುಪಾಲು ಕಾರಣ ಮೊದಲ ದಿನಗಳ ವಿಳಂಬ, ಅಥವಾ ಮುಂದಿನ ವಾರಗಳಲ್ಲಿ ಬೆರಳಿಗೆ ಸಿಕ್ಕ ತಪ್ಪು ಲೆಕ್ಕದ ವಿಶ್ರಾಂತಿ.

ಗೆಣ್ಣಿನೊಳಗೆ ಏನಿದೆ?

ಒಂದು ಕೈಯ ಬೆರಳುಗಳಲ್ಲಿ ಒಟ್ಟು 14 ಮೂಳೆಗಳಿವೆ. ಹೆಬ್ಬೆರಳಿಗೆ ಎರಡು, ಉಳಿದ ನಾಲ್ಕಕ್ಕೆ ತಲಾ ಮೂರು. ಹೆಬ್ಬೆರಳು ಬಿಟ್ಟರೆ ಪ್ರತಿ ಬೆರಳಿಗೂ ಮೂರು ಕೀಲು. ಅಂಗೈಗೆ ಸೇರುವುದು ಬುಡಗೆಣ್ಣು, ನಡುವಿನದು ನಡುಗೆಣ್ಣು, ಉಗುರಿನ ಹತ್ತಿರದ್ದು ತುದಿಗೆಣ್ಣು ಎಂದು ಇಲ್ಲಿ ಕರೆಯೋಣ.

ನಡುಗೆಣ್ಣು ಬಾಗಿಲ ಬಿಜಾಗರಿಯ ಹಾಗೆ ಒಂದೇ ದಿಕ್ಕಿಗೆ ಮಡಚುವ ಕೀಲು. ಅದರ ಎರಡು ಪಕ್ಕದಲ್ಲಿ ಎರಡು ಗಟ್ಟಿ ಪಟ್ಟಿಗಳು, ಅಂಗೈ ಬದಿಗೆ ಒಂದು ದಪ್ಪ ಹಾಳೆಯಂಥ ಅಂಗಾಂಶ. ಬೆರಳು ಹಿಂದಕ್ಕೆ ಮಡಚಿಕೊಳ್ಳದಂತೆ ತಡೆಯುವುದು ಈ ಹಾಳೆ. ಬೆರಳನ್ನು ಮಡಚಲು ಅಂಗೈ ಬದಿಯಲ್ಲಿ ಹಗ್ಗದಂಥ ಸ್ನಾಯುರಜ್ಜುಗಳಿವೆ, ಬಿಡಿಸಲು ಬೆನ್ನಿನ ಬದಿಯಲ್ಲಿ ತೆಳ್ಳನೆಯ ರಜ್ಜು ಇದೆ. ಹೀಗೆ ಒಂದು ಅಂಗುಲದ ಜಾಗದಲ್ಲಿ ಇಷ್ಟೆಲ್ಲ ಇರುವುದರಿಂದಲೇ ಹೊರಗಿನಿಂದ ಒಂದೇ ಥರ ಊದಿದ ಎರಡು ಬೆರಳುಗಳಿಗೆ ಬೇರೆ ಬೇರೆ ಚಿಕಿತ್ಸೆ ಬೇಕಾಗಬಹುದು.

ಮೊದಲ ಅರ್ಧ ಗಂಟೆ

ಪೆಟ್ಟು ಬಿದ್ದ ಕೂಡಲೇ ಉಂಗುರ ತೆಗೆಸಬೇಕು. ಊತ ಏರಿದ ಮೇಲೆ ಉಂಗುರ ಬರುವುದಿಲ್ಲ, ರಕ್ತ ಸಂಚಾರಕ್ಕೇ ಅಡ್ಡಿಯಾಗುತ್ತದೆ. ಸಾಬೂನು ನೀರು ಅಥವಾ ಎಣ್ಣೆ ಹಚ್ಚಿ ಪ್ರಯತ್ನಿಸಿ. ಬಾರದಿದ್ದರೆ ಆಸ್ಪತ್ರೆಯಲ್ಲಿ ಕತ್ತರಿಸುತ್ತಾರೆ. ಚಿನ್ನ ಮತ್ತೆ ಬೆಸೆಯಬಹುದು.

ಐಸ್ ತುಂಡುಗಳನ್ನು ಬಟ್ಟೆಯಲ್ಲಿ ಸುತ್ತಿ ಹತ್ತು ಹದಿನೈದು ನಿಮಿಷ ಇಡಿ. ಬರಿಯ ಐಸ್ ಚರ್ಮಕ್ಕೆ ತಾಗಬಾರದು. ಕೈಯನ್ನು ಎದೆಯ ಮಟ್ಟಕ್ಕಿಂತ ಮೇಲೆ ಹಿಡಿಸಿ. ಬೆರಳು ಯಾವ ಸ್ಥಿತಿಯಲ್ಲಿದೆಯೋ ಹಾಗೆಯೇ ಒಂದು ಐಸ್‌ಕ್ರೀಂ ಕಡ್ಡಿಯ ಆಸರೆ ಕೊಟ್ಟು ಸಡಿಲವಾಗಿ ಕಟ್ಟಿ ಕಳುಹಿಸಿ. ಎಣ್ಣೆ ಹಚ್ಚಿ ತಿಕ್ಕುವುದು, ಬಿಸಿ ಶಾಖ ಕೊಡುವುದು ಬೇಡ.

ಚರ್ಮ ಸೀಳಿದ್ದರೆ ಶುದ್ಧ ನೀರಿನಿಂದ ತೊಳೆದು ಸ್ವಚ್ಛ ಬಟ್ಟೆ ಮುಚ್ಚಿ ತಕ್ಷಣ ಕಳುಹಿಸಿ. ಅರಿಸಿನ, ಕಾಫಿ ಪುಡಿ ತುಂಬಬೇಡಿ. ಕೀಲು ತಪ್ಪಿದ ಜಾಗದಲ್ಲಿ ಗಾಯವೂ ಇದ್ದರೆ ಕೀಲಿನೊಳಗೆ ಸೋಂಕು ಸೇರಬಹುದು. ಅದನ್ನು ಆಸ್ಪತ್ರೆಯಲ್ಲಿ ಚೆನ್ನಾಗಿ ತೊಳೆದು, ಆಂಟಿಬಯಾಟಿಕ್ ಮತ್ತು ಅಗತ್ಯವಿದ್ದರೆ ಟೆಟನಸ್ ಚುಚ್ಚುಮದ್ದು ಕೊಡುತ್ತಾರೆ. ಬೆರಳ ತುದಿ ಬಿಳಿಚಿಕೊಂಡಿದ್ದರೆ, ತಣ್ಣಗಾಗಿದ್ದರೆ ಅಥವಾ ಮರಗಟ್ಟಿದ್ದರೆ ಒಂದು ನಿಮಿಷವೂ ಕಾಯಬಾರದು.

ಯಂತ್ರಕ್ಕೆ ಸಿಕ್ಕಿ ಬೆರಳು ತುಂಡಾಗಿದ್ದರೆ, ತುಂಡನ್ನು ಒದ್ದೆಯ ಶುದ್ಧ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಬಾಯಿ ಕಟ್ಟಿ, ಆ ಚೀಲವನ್ನು ಐಸ್ ನೀರಿನಲ್ಲಿಟ್ಟು ಗಾಯಾಳುವಿನ ಜೊತೆಗೇ ಕಳುಹಿಸಬೇಕು. ತುಂಡನ್ನು ನೇರವಾಗಿ ಐಸ್ ಮೇಲೆ ಇಡಬಾರದು.

ಎಳೆಯಬಾರದು, ಏಕೆ?

ಕೀಲು ತಪ್ಪಿದ ಬೆರಳನ್ನು ಎಳೆದು ಕೂರಿಸಿದ ಅನುಭವಿಗಳು ಪ್ರತಿ ಅಡುಗೆಮನೆಯಲ್ಲೂ ಒಬ್ಬರಿರುತ್ತಾರೆ. ಅನೇಕ ಸಲ ಬೆರಳು 'ಟಕ್' ಎಂದು ಕೂರುವುದೂ ನಿಜ. ಆದರೆ ಒಳಗೆ ಮೂಳೆ ಮುರಿದಿದೆಯೇ ಎಂದು ಎಳೆಯುವವರಿಗೆ ಕಾಣುವುದಿಲ್ಲ. ಬುಡಗೆಣ್ಣು ತಪ್ಪಿದಾಗ ನೇರವಾಗಿ ಎಳೆದರೆ ಅಂಗೈ ಬದಿಯ ಆ ದಪ್ಪ ಹಾಳೆ ಕೀಲಿನೊಳಗೆ ಸಿಕ್ಕಿಕೊಂಡು, ಸುಲಭವಾಗಿ ಕೂರಬಹುದಾಗಿದ್ದ ಕೀಲು ಆಪರೇಷನ್ ಇಲ್ಲದೆ ಕೂರದ ಸ್ಥಿತಿಗೆ ಹೋಗಬಹುದು. ಎಳೆದು ನೇರವಾದ ಬೆರಳನ್ನು ನೋಡಿ ಎಲ್ಲ ಸರಿಯಾಯಿತು ಎಂದು ಕೆಲಸಕ್ಕೆ ಹಚ್ಚುವುದು ಇನ್ನೂ ದೊಡ್ಡ ಅಪಾಯ. ಕೂತ ಕೀಲು ನಿಲ್ಲುತ್ತದೆಯೇ ಎಂಬುದು ಎಕ್ಸ್‌ರೇ ಮತ್ತು ಪರೀಕ್ಷೆಯ ನಂತರವೇ ತಿಳಿಯುವುದು.

ಮೂಳೆ ಕಟ್ಟುವವರ ಮಾತನ್ನೂ ಇಲ್ಲಿ ಹೇಳಬೇಕು. ಚೆನ್ನೈ, ಹೈದರಾಬಾದ್ ಸದಸ್ಯರಿಗೆ 'ಪುತ್ತೂರು ಕಟ್ಟು' ಎಂಬ ಬೋರ್ಡ್ ಪರಿಚಿತ. ನಮ್ಮಲ್ಲಿ ಕೆಲವರು ಅದನ್ನು ದಕ್ಷಿಣ ಕನ್ನಡದ ಪುತ್ತೂರು ಎಂದು ತಿಳಿದುಕೊಂಡಿರುವುದುಂಟು. ಅದು ತಿರುಪತಿ ಕಡೆಯ, ಆಂಧ್ರದ ಪುತ್ತೂರು. ಮುಂಬಯಿ, ಪುಣೆಯಲ್ಲಿ ಇಂಥವರನ್ನೇ ಹಾಡವೈದ್ಯರೆನ್ನುತ್ತಾರೆ. ಅವರ ಮೇಲೆ ಜನರಿಗಿರುವ ನಂಬಿಕೆಯನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ಎಲ್ಲಿಗೆ ಹೋಗುವುದಿದ್ದರೂ ಮೊದಲು ಎಕ್ಸ್‌ರೇ ಆಗಲಿ, ಅದನ್ನು ಒಬ್ಬ ಮೂಳೆ ವೈದ್ಯರು ನೋಡಲಿ ಎಂಬುದಷ್ಟೇ ನಮ್ಮ ವಿನಂತಿ. ಬೆರಳಿನ ಗೆಣ್ಣನ್ನು ವಾರಗಟ್ಟಲೆ ಬಿಗಿಯಾಗಿ ಕಟ್ಟಿಟ್ಟರೆ ಮೂಳೆ ಕೂಡಿದರೂ ಬೆರಳು ಮಡಚದೆ ಉಳಿಯುತ್ತದೆ.

ಆಸ್ಪತ್ರೆಯಲ್ಲಿ ಕೇಳಬೇಕಾದ ಮೂರು ಪ್ರಶ್ನೆ

ಎಕ್ಸ್‌ರೇ ಎದುರಿನಿಂದ, ಓರೆಯಿಂದ ಮತ್ತು ಸರಿಯಾದ ಪಕ್ಕದಿಂದ ಬೇಕು. ಪಕ್ಕದ ಚಿತ್ರದಲ್ಲಿ ಬೇರೆ ಬೆರಳುಗಳು ಅಡ್ಡ ಬಂದರೆ ಕೀಲು ಅರ್ಧ ಜಾರಿರುವುದು ಕಾಣದೆ ಹೋಗಬಹುದು. ಜೊತೆಗೆ ಹೋದವರು ಕೇಳಬೇಕಾದದ್ದು ಇಷ್ಟು: ಗೆಣ್ಣಿನ ಒಳಗೆ ಮುರಿತ ಇದೆಯೇ? ಕೀಲು ಈಗ ತನ್ನ ಜಾಗದಲ್ಲಿ ಸರಿಯಾಗಿ ಕೂತಿದೆಯೇ? ಬೆರಳು ಮಡಚಿದಾಗ ಪಕ್ಕದ ಬೆರಳಿನ ಮೇಲೆ ಹತ್ತುತ್ತಿದೆಯೇ? ಹತ್ತುತ್ತಿದ್ದರೆ ಮುರಿದ ಮೂಳೆ ತಿರುಚಿಕೊಂಡಿದೆ ಎಂದರ್ಥ. ಬೆರಳು ನೇರವಾಗಿದ್ದಾಗ ಈ ದೋಷ ಗೊತ್ತೇ ಆಗುವುದಿಲ್ಲ.

ಯಾವ ಪೆಟ್ಟಿಗೆ ಯಾವ ಚಿಕಿತ್ಸೆ?

ನಡುಗೆಣ್ಣು ಹಿಂದಕ್ಕೆ ತಪ್ಪುವುದು ಅತಿ ಸಾಮಾನ್ಯ. ಬೆರಳ ಬುಡಕ್ಕೆ ಮರವಿನ ಚುಚ್ಚುಮದ್ದು ಕೊಟ್ಟು ವೈದ್ಯರು ಕೀಲನ್ನು ಕೂರಿಸುತ್ತಾರೆ, ಮಡಚಿ ಬಿಡಿಸಿ ನೋಡುತ್ತಾರೆ, ಮತ್ತೊಂದು ಎಕ್ಸ್‌ರೇ ತೆಗೆಯುತ್ತಾರೆ. ಮುರಿತವಿಲ್ಲದೆ ಕೀಲು ಗಟ್ಟಿಯಾಗಿ ನಿಂತರೆ ಪಕ್ಕದ ಬೆರಳಿಗೆ ಜೋಡಿಸಿ ಟೇಪ್ ಹಾಕಿದರೆ ಸಾಕು. ಪಕ್ಕದ ಬೆರಳೇ ಇಲ್ಲಿ ಊರುಗೋಲು. ನೇರ ಮಾಡಿದಾಗ ಜಾರುವಂತಿದ್ದರೆ, ಮಡಚಲು ಬಿಟ್ಟು ಪೂರ್ತಿ ನೇರವಾಗದಂತೆ ಬೆನ್ನಿನ ಬದಿಗೆ ತಡೆಪಟ್ಟಿ ಕಟ್ಟುತ್ತಾರೆ. ಮೂರರಿಂದ ಆರು ವಾರದ ಚಿಕಿತ್ಸೆ ಇದು. ಬೆರಳನ್ನು ಅಲ್ಲಾಡಿಸುವುದನ್ನು ಮಾತ್ರ ಮೊದಲ ದಿನಗಳಲ್ಲೇ ಆರಂಭಿಸಬೇಕು.

ನಡುಗೆಣ್ಣು ಅಂಗೈ ಕಡೆಗೆ ತಪ್ಪುವುದು ಅಪರೂಪ. ಇಲ್ಲಿ ಬೆನ್ನಿನ ಬದಿಯ ರಜ್ಜು ಹರಿದಿರಬಹುದು. ಆಗ ನಡುಗೆಣ್ಣನ್ನು ಆರು ವಾರ ನೇರವಾಗಿಯೇ ಇಡಬೇಕು, ತುದಿಗೆಣ್ಣನ್ನು ಮಾತ್ರ ಮಡಚುತ್ತಿರಬೇಕು. ಮೊದಲ ಪೆಟ್ಟಿಗೆ ಜೋಡಿ ಟೇಪ್, ಎರಡನೆಯದಕ್ಕೆ ನೇರ ಪಟ್ಟಿ. ತಪ್ಪಿದ ದಿಕ್ಕು ಯಾವುದೆಂದು ನೋಡದೆ ಎಳೆದು ಕೂರಿಸಿದರೆ ಈ ವ್ಯತ್ಯಾಸವೇ ತಿಳಿಯುವುದಿಲ್ಲ.

ತುದಿಗೆಣ್ಣು ಜೋತು ಬೀಳುವುದು ಇನ್ನೊಂದು ಬಗೆ. ಲಾಡ್ಜಿಂಗ್ ಇರುವ ಸದಸ್ಯರು ಇದನ್ನು ಗಮನಿಸಬೇಕು. ಹಾಸಿಗೆಯ ಅಡಿಗೆ ಚಾದರ ಸಿಕ್ಕಿಸುವಾಗ ಬೆರಳ ತುದಿ ತಟ್ಟನೆ ಮಡಚಿಕೊಂಡು ಬೆನ್ನಿನ ರಜ್ಜು ಕಿತ್ತು ಬರಬಹುದು. ನೋವು ಹೆಚ್ಚಿರುವುದಿಲ್ಲ, ತುದಿ ಮಾತ್ರ ನೇರವಾಗುವುದಿಲ್ಲ. ಬಹುತೇಕ ಆಪರೇಷನ್ ಬೇಡ. ತುದಿಗೆಣ್ಣನ್ನು ಪಟ್ಟಿಯಲ್ಲಿ ಆರರಿಂದ ಎಂಟು ವಾರ ಹಗಲೂ ರಾತ್ರಿ ನೇರವಾಗಿಡಬೇಕು, ಆಮೇಲೆ ಕೆಲವು ವಾರ ರಾತ್ರಿ ಮಾತ್ರ. ನಡುವೆ ಪಟ್ಟಿ ಬಿಚ್ಚಿ ಒಂದು ಸಲ ತುದಿ ಮಡಚಿದರೂ ಲೆಕ್ಕ ಮತ್ತೆ ಒಂದರಿಂದ ಶುರು. ಪಾತ್ರೆ ತೊಳೆಯಲು ಪಟ್ಟಿ ಬಿಚ್ಚಿಡು ಎಂದು ಯಾರೂ ಹೇಳಬಾರದು. ಕಿತ್ತು ಬಂದ ಮೂಳೆಯ ಚೂರು ಕೀಲಿನ ಮೂರನೇ ಒಂದು ಪಾಲಿಗಿಂತ ದೊಡ್ಡದಾಗಿದ್ದರೆ ಅಥವಾ ಕೀಲು ಜಾರಿದ್ದರೆ ಆಪರೇಷನ್ ಯೋಚಿಸುತ್ತಾರೆ.

ಇದರ ವಿರುದ್ಧದ ಪೆಟ್ಟು ತುದಿ ಮಡಚದಿರುವುದು. ಬಲವಾಗಿ ಹಿಡಿದದ್ದು ಕೈಯಿಂದ ಕಿತ್ತುಕೊಂಡು ಹೋದಾಗ, ಹೆಚ್ಚಾಗಿ ಉಂಗುರ ಬೆರಳಿನಲ್ಲಿ, ಮಡಚುವ ರಜ್ಜು ಬುಡದಿಂದ ಕಳಚುತ್ತದೆ. ಎಕ್ಸ್‌ರೇಯಲ್ಲಿ ಏನೂ ಕಾಣದಿರಬಹುದು. ಇದಕ್ಕೆ ಪಟ್ಟಿ ಸಾಲದು, ಆಪರೇಷನ್ ಬೇಕು. ಅದೂ ವಾರ ಹತ್ತು ದಿನದ ಒಳಗೆ. ತಡವಾದರೆ ರಜ್ಜು ಅಂಗೈಯೊಳಗೆ ಮುದುಡಿಕೊಂಡು ಮತ್ತೆ ಜೋಡಿಸಲು ಬಾರದಂತಾಗುತ್ತದೆ.

ಹೆಬ್ಬೆರಳಿನ ಬುಡಗೆಣ್ಣಿನ ಒಳಬದಿಯ ಪಟ್ಟಿ, ಕೈಯೂರಿ ಬಿದ್ದಾಗ ಹರಿಯಬಹುದು. ಅರ್ಧ ಹರಿದಿದ್ದರೆ ನಾಲ್ಕರಿಂದ ಆರು ವಾರ ಪಟ್ಟಿ. ಪೂರ್ತಿ ಹರಿದು ಮೇಲೆ ಸಿಕ್ಕಿಕೊಂಡಿದ್ದರೆ ಆಪರೇಷನ್. ಹಾಗೆಯೇ ಬಿಟ್ಟರೆ ಚಿಮಟ ಹಿಡಿಯಲು, ಬಾಟಲಿ ಮುಚ್ಚಳ ತಿರುಗಿಸಲು ಬಲವಿರುವುದಿಲ್ಲ. ಹೆಬ್ಬೆರಳಿನ ಬುಡದ ಮೂಳೆ ಮಣಿಕಟ್ಟಿನ ಹತ್ತಿರ ಕೀಲಿನೊಳಗೆ ಮುರಿಯುವುದೂ ಉಂಟು. ಡಬ್ಲಿನ್‌ನ ವೈದ್ಯ ಬೆನೆಟ್ 1882ರಲ್ಲಿ ಇದನ್ನು ವಿವರಿಸಿದ್ದರಿಂದ ಅವರ ಹೆಸರೇ ಉಳಿದಿದೆ. ಇದು ತಾನಾಗಿ ಜಾರುವ ಮುರಿತವಾದ್ದರಿಂದ ಸಾಮಾನ್ಯವಾಗಿ ತಂತಿ ಅಥವಾ ಸ್ಕ್ರೂ ಹಾಕಬೇಕಾಗುತ್ತದೆ.

ಮುರಿತವೂ ಕೀಲು ತಪ್ಪುವಿಕೆಯೂ ಒಟ್ಟಿಗೆ ಬಂದರೆ

ಎಲ್ಲಕ್ಕಿಂತ ಮೋಸದ ಪೆಟ್ಟು ಇದು. ನಡುಗೆಣ್ಣು ತಪ್ಪುವಾಗ ಅಂಗೈ ಬದಿಯ ಮೂಳೆಯ ಚೂರು ಒಡೆಯುತ್ತದೆ. ಚೂರು ಕೀಲಿನ ಮೇಲ್ಮೈಯ ಶೇಕಡಾ 30ಕ್ಕಿಂತ ಕಡಿಮೆಯಿದ್ದರೆ ಸಾಮಾನ್ಯವಾಗಿ ತಡೆಪಟ್ಟಿಯಲ್ಲೇ ಗುಣವಾಗುತ್ತದೆ. ಶೇಕಡಾ 50 ಮೀರಿದರೆ ಕೀಲು ನಿಲ್ಲುವುದಿಲ್ಲ, ಆಪರೇಷನ್ ಬೇಕಾಗುತ್ತದೆ. ನಡುವಿನದ್ದನ್ನು ವೈದ್ಯರು ಕೀಲಿನ ಗಟ್ಟಿತನ ನೋಡಿ ತೀರ್ಮಾನಿಸುತ್ತಾರೆ.

ಆಪರೇಷನ್ನಿನಲ್ಲೂ ಹಲವು ದಾರಿಗಳಿವೆ. ಚರ್ಮದ ಮೂಲಕ ಸಣ್ಣ ತಂತಿ ತೂರಿಸಿ ಮೂರು ನಾಲ್ಕು ವಾರದ ನಂತರ ತೆಗೆಯುವುದು ಒಂದು. ಚೂರು ದೊಡ್ಡದಿದ್ದರೆ ಪುಟ್ಟ ಸ್ಕ್ರೂ ಅಥವಾ ಪ್ಲೇಟ್. ಮೂಳೆ ಪುಡಿಯಾಗಿದ್ದರೆ ಬೆರಳ ಹೊರಗೆ ತಂತಿಯ ಚೌಕಟ್ಟು ಕಟ್ಟಿ, ರಬ್ಬರ್ ಬ್ಯಾಂಡ್‌ನ ಎಳೆತದಲ್ಲಿ ಕೀಲನ್ನು ಬಿಡಿಸಿಟ್ಟು, ಅದೇ ವೇಳೆ ಬೆರಳು ಮಡಚಲು ಬಿಡುತ್ತಾರೆ. ಮೇಲ್ಮೈ ಪೂರ್ತಿ ಹಾಳಾಗಿದ್ದರೆ ಮಣಿಕಟ್ಟಿನ ಹಿಂಬದಿಯ ಒಂದು ಮೂಳೆಯಿಂದ ಚೂರು ತೆಗೆದು ಇಲ್ಲಿ ಕೂರಿಸುವ ಶಸ್ತ್ರಚಿಕಿತ್ಸೆಯೂ ಇದೆ. ಇಂಥವಕ್ಕೆ ಕೈಯ ಶಸ್ತ್ರಚಿಕಿತ್ಸೆಯಲ್ಲಿ ಪಳಗಿದವರೇ ಬೇಕು. ಚೆನ್ನೈಯ ಸರ್ಕಾರಿ ಸ್ಟಾನ್ಲಿ ಆಸ್ಪತ್ರೆಯಲ್ಲಿ ಡಾ. ಆರ್. ವೆಂಕಟಸ್ವಾಮಿ ಅವರು ಕಟ್ಟಿದ ಕೈ ಶಸ್ತ್ರಚಿಕಿತ್ಸಾ ವಿಭಾಗ ದೇಶಕ್ಕೇ ಹೆಸರಾದದ್ದು. ನಿಮ್ಮ ನಗರದಲ್ಲಿ ಇಂಥ ತಜ್ಞರು ಎಲ್ಲಿದ್ದಾರೆಂದು ಮೊದಲೇ ವಿಚಾರಿಸಿ, ನಂಬರನ್ನು ಗಲ್ಲಾದ ಬಳಿ ಬರೆದಿಡಿ.

ಇಬ್ಬರು ಭಟ್ಟರನ್ನು ಊಹಿಸಿಕೊಳ್ಳೋಣ. ಇಬ್ಬರಿಗೂ ಬಲಗೈಯ ಉಂಗುರ ಬೆರಳಿನ ನಡುಗೆಣ್ಣಿಗೆ ಒಂದೇ ಪೆಟ್ಟು, ಸಣ್ಣ ಚೂರು. ಒಬ್ಬರು ಅದೇ ಸಂಜೆ ಎಕ್ಸ್‌ರೇ ತೆಗೆಸಿ ತಡೆಪಟ್ಟಿ ಹಾಕಿಸಿಕೊಂಡರು. ಇನ್ನೊಬ್ಬರು ಬೆರಳು ಎಳೆಸಿಕೊಂಡು ಕೆಲಸ ಮುಂದುವರಿಸಿದರು, ಊತ ಇಳಿಯಲಿಲ್ಲವೆಂದು ತಿಂಗಳ ನಂತರ ಹೋದರು. ಅಷ್ಟರಲ್ಲಿ ಕೀಲು ಅರ್ಧ ಜಾರಿ ಅಲ್ಲೇ ಗಟ್ಟಿಯಾಗಿರುತ್ತದೆ. ಮೂರು ವಾರ ದಾಟಿದ ಮೇಲೆ ಹೊರಗಿನಿಂದ ಕೂರಿಸುವುದು ಬಹಳ ಕಷ್ಟ. ಮೊದಲನೆಯವರಿಗೆ ಕೆಲವು ವಾರದ ಪಟ್ಟಿ, ಎರಡನೆಯವರಿಗೆ ದೊಡ್ಡ ಆಪರೇಷನ್, ಆದರೂ ಪೂರ್ತಿ ಮಡಚದ ಬೆರಳು. ಪೆಟ್ಟು ಒಂದೇ, ಬೇರೆಯಾದದ್ದು ದಿನಾಂಕ.

ಬಿಗಿತವೇ ದೊಡ್ಡ ಶತ್ರು

ಬೆರಳನ್ನು ಬೇಕಾದಷ್ಟು ದಿನ ಕಟ್ಟದಿದ್ದರೆ ಕೀಲು ಸಡಿಲ, ಬೇಡವಾದಷ್ಟು ದಿನ ಕಟ್ಟಿದರೆ ಬಿಗಿ. ಆದ್ದರಿಂದ ವೈದ್ಯರು ಹೇಳಿದ ವ್ಯಾಯಾಮ ಔಷಧಿಯಷ್ಟೇ ಮುಖ್ಯ. ದಿನಕ್ಕೆ ಹಲವು ಸಲ ಪ್ರತಿ ಗೆಣ್ಣನ್ನೂ ಬೇರೆ ಬೇರೆಯಾಗಿ ಮಡಚಿ ಬಿಡಿಸಬೇಕು. ಪೆಟ್ಟಾಗದ ಬೆರಳುಗಳೂ ಸುಮ್ಮನಿರಬಾರದು. ನಡುಗೆಣ್ಣಿನ ದಪ್ಪ ಮತ್ತು ಸಣ್ಣ ನೋವು ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷದವರೆಗೂ ಇರುತ್ತದೆ. ಅದರಿಂದ ಹೆದರಬೇಕಾಗಿಲ್ಲ. ಬೀಡಿ ಸಿಗರೇಟು ಸೇದುವವರಿಗೆ ಮೂಳೆ ಕೂಡುವುದು ನಿಧಾನವೆಂದು ತಿಳಿಹೇಳಿ.

2022ರ ಡಿಸೆಂಬರ್ 7ರಂದು ಮೀರ್‌ಪುರದಲ್ಲಿ ರೋಹಿತ್ ಶರ್ಮಾ ಫೀಲ್ಡಿಂಗ್ ಮಾಡುವಾಗ ಹೆಬ್ಬೆರಳ ಕೀಲು ತಪ್ಪಿದರೂ ಒಂಬತ್ತನೆಯವರಾಗಿ ಬಂದು 28 ಎಸೆತಗಳಲ್ಲಿ ಔಟಾಗದೆ 51 ಹೊಡೆದದ್ದು ಎಲ್ಲರಿಗೂ ನೆನಪಿದೆ. ಅದೇ ಪ್ರವಾಸದ ಉಳಿದ ಏಕದಿನ ಪಂದ್ಯಕ್ಕೂ ಎರಡು ಟೆಸ್ಟ್‌ಗಳಿಗೂ ಅವರು ಆಡಲಿಲ್ಲ, ಟೆಸ್ಟ್ ತಂಡವನ್ನು ನಮ್ಮ ರಾಹುಲ್ ನಡೆಸಿದರು ಎಂಬುದು ಅಷ್ಟು ನೆನಪಿಲ್ಲ. ಹುಡುಗರಿಗೆ ಕಥೆ ಹೇಳುವಾಗ ಎರಡೂ ಭಾಗ ಹೇಳೋಣ.

ಕೆಲಸಕ್ಕೆ ಯಾವಾಗ?

ಜೋಡಿ ಟೇಪ್ ಇರುವವರನ್ನು ಗಲ್ಲಾ, ಆರ್ಡರ್ ಬರೆಯುವುದು, ಸ್ಟೋರ್ ಲೆಕ್ಕ ಇಂಥ ಒಣ ಕೆಲಸಕ್ಕೆ ಹಚ್ಚಬಹುದು. ಹೊರಗೆ ತಂತಿ ಇರುವವರು ಕೈ ಒದ್ದೆ ಮಾಡಿಕೊಳ್ಳಬಾರದು. ತಂತಿಯ ಬುಡದಲ್ಲಿ ಕೆಂಪಾದರೆ, ಕೀವು ಬಂದರೆ ಕೂಡಲೇ ವೈದ್ಯರಿಗೆ ತೋರಿಸಬೇಕು. ಟೇಪ್, ಪಟ್ಟಿ, ಗಾಯ ಇರುವ ಕೈಯಲ್ಲಿ ಆಹಾರ ಮುಟ್ಟಿಸುವುದು ಗ್ರಾಹಕರ ದೃಷ್ಟಿಯಿಂದಲೂ ತಪ್ಪು. ತಿರುಗುವ ಯಂತ್ರದ ಹತ್ತಿರ ಪಟ್ಟಿ ಕಟ್ಟಿದವರು ಸುಳಿಯಲೇಬಾರದು.

ಕಾನೂನಿನ ಲೆಕ್ಕದಲ್ಲಿ ಬೆರಳು

ಬೆರಳನ್ನು ಚಿಕ್ಕದೆಂದು ಕಾನೂನು ಎಂದೂ ಭಾವಿಸಿಲ್ಲ. 1923ರ ಕಾರ್ಮಿಕ ಪರಿಹಾರ ಕಾಯ್ದೆಯ ಪಟ್ಟಿಯಲ್ಲಿ ಹೆಬ್ಬೆರಳು ಹೋದರೆ ಗಳಿಕೆಯ ಶಕ್ತಿಯಲ್ಲಿ ಶೇಕಡಾ 30, ತೋರುಬೆರಳು ಪೂರ್ತಿ ಹೋದರೆ 14, ನಡುಬೆರಳಿಗೆ 12, ಉಂಗುರ ಬೆರಳು ಅಥವಾ ಕಿರುಬೆರಳಿಗೆ 7 ನಷ್ಟವೆಂದು ಬರೆದಿತ್ತು. ಅಂಗ ಇದ್ದೂ ಅದರ ಉಪಯೋಗ ಶಾಶ್ವತವಾಗಿ ಪೂರ್ತಿ ಹೋದರೆ ಅಂಗವೇ ಹೋದಂತೆ ಎಂಬ ಟಿಪ್ಪಣಿಯೂ ಇತ್ತು. ಆ ಕಾಯ್ದೆಯೂ 1948ರ ಇಎಸ್‌ಐ ಕಾಯ್ದೆಯೂ 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ಸೇರಿವೆ. ಸಂಹಿತೆ 2025ರ ನವೆಂಬರ್ 21ರಂದು ಜಾರಿಗೆ ಬಂತು.

ಇಎಸ್‌ಐ ಇರುವ ಕಾರ್ಮಿಕನಿಗೆ ಕೆಲಸದ ವೇಳೆಯ ಪೆಟ್ಟಿಗೆ ಸೇರಿದ ಮೊದಲ ದಿನದಿಂದಲೇ ರಕ್ಷಣೆ ಇದೆ. ಚಿಕಿತ್ಸೆಯ ಜೊತೆಗೆ ಕೆಲಸ ಮಾಡಲಾಗದ ದಿನಗಳಿಗೆ ಸರಾಸರಿ ವೇತನದ ಶೇಕಡಾ 90 ಭತ್ಯೆ ಸಿಗುತ್ತದೆ. ಅದಕ್ಕೆ ಅಪಘಾತವನ್ನು ಪುಸ್ತಕದಲ್ಲಿ ನಮೂದಿಸಿ ತಡಮಾಡದೆ ವರದಿ ಕಳುಹಿಸಬೇಕು. ಇಎಸ್‌ಐ ಇಲ್ಲದವರ ಪರಿಹಾರದ ಹೊಣೆ ಮಾಲೀಕರ ಮೇಲೇ ಬೀಳಬಹುದು. ಊರಿನಿಂದ ಬಂದ ಹುಡುಗನ ಹೆಸರನ್ನು 'ಮುಂದಿನ ತಿಂಗಳು ನೋಡೋಣ' ಎಂದು ಮುಂದೂಡಿದರೆ ನಷ್ಟ ಇಬ್ಬರಿಗೂ.

ಇಂದೇ ಮಾಡಬಹುದಾದದ್ದು

ಯಂತ್ರದ ಕೆಲಸ ಮಾಡುವವರು ಉಂಗುರ, ಕಡಗ, ಕೈದಾರ ತೆಗೆದಿಡಲಿ. ಗ್ರೈಂಡರ್ ಮತ್ತು ನಾದುವ ಯಂತ್ರಕ್ಕೆ ಕೈ ಹಾಕುವ ಮೊದಲು ಮೇನ್ ಸ್ವಿಚ್ ಆರಿಸುವ ಪದ್ಧತಿ ಬರಲಿ. ತರಕಾರಿ ತಳ್ಳಲು ಮರದ ತಳ್ಳುಗೋಲು ಇಡಿ, ಕಳಚಿಟ್ಟ ರಕ್ಷಾಕವಚ ಮತ್ತೆ ಹಾಕಿಸಿ. ಬಾಗಿಲುಗಳಿಗೆ ತಡೆ, ಸಿಲಿಂಡರಿಗೆ ಗಾಡಿ, ದೊಡ್ಡ ಕೊಳಗಕ್ಕೆ ಇಬ್ಬರು. ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯಲ್ಲಿ ಬೆರಳಿನ ಅಲ್ಯೂಮಿನಿಯಂ ಪಟ್ಟಿ, ಟೇಪ್, ಶುದ್ಧ ಬಟ್ಟೆ ಇರಲಿ. ಎಲ್ಲ ಸೇರಿ ಒಂದು ಹೊತ್ತಿನ ಊಟದ ಕೌಂಟರಿನ ಖರ್ಚೂ ಆಗುವುದಿಲ್ಲ.

ನಮ್ಮಲ್ಲಿ ಕೆಲಸ ಮಾಡುವ ಬಹುಮಂದಿ ಊರು ಬಿಟ್ಟು ಬಂದವರು. ಅವರಿಗೆ ಹೊಲವಿಲ್ಲ, ಡಿಗ್ರಿಯಿಲ್ಲ, ಕೈಕಸುಬೇ ಆಸ್ತಿ. ನಾಳೆ ಸ್ವಂತ ಹೋಟೆಲ್ ಇಡುವ ಕನಸಿನ ಹುಡುಗನಿಗೂ ಬಂಡವಾಳ ಆ ಹತ್ತು ಬೆರಳುಗಳೇ. ನಮ್ಮ ಹಿರಿಯರಲ್ಲಿ ಅನೇಕರು ಹಾಗೆಯೇ ಮೇಲೆ ಬಂದವರು. ಆದ್ದರಿಂದ ಪೆಟ್ಟು ಬಿದ್ದ ದಿನ, ಎಷ್ಟೇ ರಶ್ ಇದ್ದರೂ, ಜೊತೆಗೊಬ್ಬರನ್ನು ಕೊಟ್ಟು ಎಕ್ಸ್‌ರೇಗೆ ಕಳುಹಿಸಿ. ಒಬ್ಬ ಮಾಣಿ ಕಡಿಮೆಯಾದರೆ ಆ ಹೊತ್ತು ನಾವೇ ಟೇಬಲ್ ನೋಡಿಕೊಳ್ಳೋಣ.